ಸಿಗೆ ಇಳಿಸಿದರೆ ಅದು ಕಂಪೈಲರ್ ಅಲ್ಲವೇನು?

ಚನ್ನಪಟ್ಟಣ
ಭಾನುವಾರ

ಚಿ. ಪುಟ್ಟಿಗೆ,

ಮಾಗಡಿಯಲ್ಲಿ ಅಪ್ಪ ಅಮ್ಮ ಇಬ್ಬರೂ ಚೆನ್ನಾಗಿದ್ದಾರೆ, ನಿನ್ನೆ ಮಾತಾಡಿದೆ. ನೀನು ಮಾತ್ರ ರಾಮನಗರದ ಹಾಸ್ಟೆಲಿನಲ್ಲಿ ಮೋರೆ ಸಪ್ಪೆ ಮಾಡಿಕೊಂಡು ಕೂತಿದ್ದೀಯಂತೆ. ಪ್ರಾಜೆಕ್ಟಿನ ರಿವ್ಯೂನಲ್ಲಿ ಯಾರೋ "ಇದು ಕಂಪೈಲರ್ ಅಲ್ಲಮ್ಮ, ಬರೀ ಟ್ರಾನ್ಸ್‌ಲೇಟರ್" ಅಂದುಬಿಟ್ಟರಂತೆ. ನೀನು ಕಟ್ಟಿರುವ ಪುಟ್ಟ ಲಿಸ್ಪ್ ನೇರವಾಗಿ ಯಂತ್ರಭಾಷೆಗೆ ಹೋಗುವುದಿಲ್ಲ, ಸಿ ಭಾಷೆಗೆ ಇಳಿದು ಆಮೇಲೆ ಜಿಸಿಸಿ ಎಂಬ ಸಿ ಕಂಪೈಲರಿನ ಕೈಗೆ ಹೋಗುತ್ತದೆ ಅನ್ನುವುದು ಅವರ ಆಕ್ಷೇಪ. "ಬಿಟ್ಟು ಯಾವುದಾದರೂ ಆಪ್ ಮಾಡಿಬಿಡ್ಲಾ ದೊಡ್ಡಪ್ಪಾ?" ಅಂತ ಕೇಳಿದ್ದೀಯ. ಬೇಡ ಕಣವ್ವಾ. ಯಾಕೆ ಬೇಡ ಅನ್ನುವುದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಆ ಆಕ್ಷೇಪವನ್ನೇ ನೋಡೋಣ. ಒಂದು ಭಾಷೆಯಲ್ಲಿ ಬರೆದ ಪ್ರೋಗ್ರಾಮನ್ನು ಅರ್ಥ ಕೆಡದ ಹಾಗೆ ಇನ್ನೊಂದಕ್ಕೆ ಇಳಿಸುವುದು ಕಂಪೈಲರಿನ ಕೆಲಸ. ಆ ಇನ್ನೊಂದು ಯಂತ್ರಭಾಷೆಯೇ ಆಗಿರಬೇಕು ಎಂಬ ಕಟ್ಟಳೆ ಎಲ್ಲೂ ಇಲ್ಲ. ಸಿ++ ಹುಟ್ಟಿದ ಹೊಸದರಲ್ಲಿ ಸ್ಟ್ರೌಸ್ಟ್ರುಪ್ ಅವರ ಸಿಫ್ರಂಟ್ ಮಾಡುತ್ತಿದ್ದದ್ದೂ ಸಿಗೆ ಇಳಿಸುವ ಕೆಲಸವೇ. 1984ರಲ್ಲಿ ಜಪಾನಿನ ಕ್ಯೋಟೋದಲ್ಲಿ ಯುವಾಸಾ ಮತ್ತು ಹಗಿಯಾ ಕಟ್ಟಿದ ಕ್ಯೋಟೋ ಕಾಮನ್ ಲಿಸ್ಪ್ ಕೂಡ ಹಾಗೇ. 1989ರಲ್ಲಿ ಡಿಇಸಿ ಕಂಪನಿಯ ಪ್ರಯೋಗಾಲಯದಲ್ಲಿ ಜೋಯೆಲ್ ಬಾರ್ಟ್‌ಲೆಟ್ ಲಿಸ್ಪ್ ಬಳಗದ ಸ್ಕೀಮ್ ಭಾಷೆಯನ್ನು ಸಿಗೆ ಇಳಿಸಿದರು. ಆಮೇಲೆ ಫ್ರಾನ್ಸಿನ ಬಿಗ್ಲೂ, ಮಾಂಟ್ರಿಯಲ್ಲಿನ ಮಾರ್ಕ್ ಫೀಲೀ ಅವರ ಗ್ಯಾಂಬಿಟ್ ಬಂದವು. 2000ದಲ್ಲಿ ಫೀಲಿಕ್ಸ್ ವಿಂಕಲ್‌ಮನ್ ಅವರ ಚಿಕನ್ ಸ್ಕೀಮ್ ಬಂತು. ನಗಬೇಡ, ಅದರ ಹೆಸರೇ ಚಿಕನ್. ಅದರ ಹೆಚ್ಚುವರಿ ಲೈಬ್ರರಿಗಳಿಗೆ ಎಗ್ ಅಂತಲೇ ಕರೆಯುತ್ತಾರೆ. ನೀನು ಕೂತಿರುವುದು ಇವರೆಲ್ಲ ಕೂತ ಸಾಲಿನಲ್ಲಿ.

ನೀನು ಈ ದಾರಿ ಹಿಡಿದದ್ದು ಯಾಕೆ ಅನ್ನುವುದು ನನಗೆ ಮರೆತಿಲ್ಲ. ಕನಕಪುರದ ಆ ಸರ್ಕಾರಿ ಶಾಲೆಯ ಮಕ್ಕಳಿಗೆ ಭಾನುವಾರ ಭಾನುವಾರ ಲೆಕ್ಕದ ಆಟ ಹೇಳಿಕೊಡಲು ಹೋಗುತ್ತೀಯಲ್ಲ, ಅಲ್ಲಿರುವುದು ಯಾರೋ ದಾನ ಕೊಟ್ಟ 32 ಬಿಟ್ಟಿನ ಹಳೇ ಕಂಪ್ಯೂಟರುಗಳು, ಜೊತೆಗೆ ಒಂದೋ ಎರಡೋ ರಾಸ್ಪ್‌ಬೆರಿ ಪೈ. ನಿನ್ನ ಲ್ಯಾಪ್‌ಟಾಪು 64 ಬಿಟ್ಟಿನದು. ಚಿಪ್ ಬೇರೆ, ಅದರ ಆಜ್ಞೆಗಳು ಬೇರೆ. ಯಂತ್ರಭಾಷೆಗೇ ಇಳಿಸಲು ಹೊರಟಿದ್ದರೆ ಈ ಮೂರು ಜಾತಿಗೆ ಮೂರು ಸಲ ದುಡಿಯಬೇಕಿತ್ತು, ಪರೀಕ್ಷೆ ಬಂದರೂ ಮುಗಿಯುತ್ತಿರಲಿಲ್ಲ.

ರಾಮನಗರದಲ್ಲೇ ಇದ್ದೀಯ, ಗೂಡಿನ ಮಾರುಕಟ್ಟೆ ನೋಡಿದ್ದೀಯ. ಹರಾಜಿನಲ್ಲಿ ಗೂಡು ಹಿಡಿದ ರೀಲರು ಅದನ್ನು ಬಿಸಿನೀರಿನಲ್ಲಿ ಬೇಯಿಸಿ, ತುದಿ ಹುಡುಕಿ, ಏಳೆಂಟು ಗೂಡಿನ ಎಳೆ ಸೇರಿಸಿ ನೂಲು ತೆಗೆಯುತ್ತಾರೆ. ಅವರ ಮನೆಯಲ್ಲಿ ಮಗ್ಗ ಇರುವುದಿಲ್ಲ. ನೂಲು ಕಾಂಚೀಪುರಕ್ಕೋ ಧರ್ಮಾವರಕ್ಕೋ ಬನಾರಸ್ಸಿಗೋ ಹೋಗುತ್ತದೆ, ಅಲ್ಲಲ್ಲಿಯ ಮಗ್ಗದಲ್ಲಿ ಅಲ್ಲಲ್ಲಿಯ ಸೀರೆಯಾಗುತ್ತದೆ. ಮಗ್ಗ ಇಲ್ಲ ಅಂತ ಅವರ ಕಸುಬನ್ನು ಯಾರೂ ಅರ್ಧ ಕಸುಬು ಅನ್ನುವುದಿಲ್ಲ. ಎಳೆ ಕಡಿಯದ ಹಾಗೆ, ಎಲ್ಲೂ ದಪ್ಪ ತೆಳು ಆಗದ ಹಾಗೆ ನೂಲು ಕೊಡುವುದಷ್ಟೇ ಅವರ ಹೊಣೆ. ನಿನ್ನದೂ ಅಷ್ಟೇ: ಸಿ ಎಂಬ ನೂಲು ಸರಿಯಾಗಿ ತೆಗೆ, ನೇಯಲು ಬಹುಪಾಲು ಎಲ್ಲ ಜಾತಿಯ ಯಂತ್ರಕ್ಕೂ ಒಂದು ಸಿ ಕಂಪೈಲರ್ ಆಗಲೇ ಇದೆ.

ಇದು ಬರೀ ಸಮಾಧಾನದ ಮಾತಲ್ಲ. ನಮ್ಮ ಬೆಂಗಳೂರಿನಲ್ಲೇ ಸಿಂಪ್ಯೂಟರ್ ಆಯಿತಲ್ಲ, ನೆನಪಿಸಿಕೋ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯವರೂ ಸೇರಿ 1999ರಲ್ಲಿ ಟ್ರಸ್ಟ್ ಮಾಡಿಕೊಂಡು ಬಡವರ ಕೈಗೆ ಸಿಗುವ ಅಂಗೈ ಕಂಪ್ಯೂಟರ್ ಮಾಡಲು ಹೊರಟರು. 2004ರಲ್ಲಿ ಬಿಇಎಲ್ ಜೊತೆ ಸೇರಿ ಅಮಿಡಾ ಎಂಬ ಹೆಸರಿನಲ್ಲಿ ಅದು ಅಂಗಡಿಗೂ ಬಂತು. ಒಳಗಿದ್ದದ್ದು ಸ್ಟ್ರಾಂಗ್‌ಆರ್ಮ್ ಚಿಪ್, ಅದರ ಮೇಲೆ ಲಿನಕ್ಸ್. ಮಾರಾಟದಲ್ಲಿ ಗೆಲ್ಲಲಿಲ್ಲ, ಆ ಕಥೆ ಬೇರೆ. ಆದರೆ ಲಿನಕ್ಸ್ ಅಲ್ಲಿಗೆ ಹೋಗಲು ಸಾಧ್ಯವಾದದ್ದು ಅದು ಬಹುಪಾಲು ಸಿಯಲ್ಲಿದ್ದುದರಿಂದ, ಮತ್ತು ಜಿಸಿಸಿಗೆ ಆ ಚಿಪ್ಪಿನ ಪರಿಚಯ ಮೊದಲೇ ಇದ್ದುದರಿಂದ. ಹೊಸ ಚಿಪ್ ಬಂದಾಗ ಎಲ್ಲಕ್ಕಿಂತ ಮೊದಲು ಅಲ್ಲಿಗೆ ಬರುವ ಸಾಧನಗಳಲ್ಲಿ ಸಿ ಕಂಪೈಲರೂ ಒಂದು. ಅದರ ಬೆನ್ನಿಗೇ ನಿನ್ನ ಭಾಷೆಯೂ ಹೋಗಬಹುದು.

ಈಗ ಕಷ್ಟದ ಭಾಗ. "ಬರೀ ಟ್ರಾನ್ಸ್‌ಲೇಟರ್" ಅಂದವರು ಇಲ್ಲಿ ಒಂದು ದಿನ ಕೂತು ನೋಡಿದ್ದರೆ ಆ ಮಾತು ಅನ್ನುತ್ತಿರಲಿಲ್ಲ.

ಲಿಸ್ಪ್ ಶುರುವಾದದ್ದು 1958ರಲ್ಲಿ, ಎಂಐಟಿಯಲ್ಲಿ ಜಾನ್ ಮೆಕಾರ್ಥಿ ಅವರಿಂದ. 1975ರಲ್ಲಿ ಸಸ್‌ಮನ್ ಮತ್ತು ಸ್ಟೀಲ್ ಅದರ ಒಂದು ಚೊಕ್ಕ ಕುಡಿಯಾಗಿ ಸ್ಕೀಮ್ ತಂದರು. ಸ್ಕೀಮಿನಲ್ಲಿ ಲೂಪ್ ಬೇಕೆಂದರೆ ಫಂಕ್ಷನ್ ತನ್ನನ್ನೇ ಮತ್ತೆ ಕರೆಯುತ್ತದೆ. ಆ ಕರೆ ಫಂಕ್ಷನ್ನಿನ ಕೊನೆಯ ಕೆಲಸವಾಗಿದ್ದರೆ ಎಷ್ಟು ಸಲ ಕರೆದರೂ ಜಾಗ ಹೆಚ್ಚು ಹಿಡಿಯಕೂಡದು ಅನ್ನುವುದು ಆ ಭಾಷೆಯ ನಿಯಮ. ಸಿಯಲ್ಲಿ ಆ ನಿಯಮ ಇಲ್ಲ. ಅಲ್ಲಿ ಪ್ರತಿ ಕರೆಗೂ ಸ್ಟ್ಯಾಕಿನ ಮೇಲೆ ಒಂದಿಷ್ಟು ಜಾಗ ಹೋಗುತ್ತದೆ. ಕಂಪೈಲರ್ ಕೆಲವೊಮ್ಮೆ ಅದನ್ನು ಉಳಿಸಿಕೊಟ್ಟೀತು, ಆದರೆ ಅದು ಅದರ ಔದಾರ್ಯವೇ ಹೊರತು ಸಿಯ ಮಾತಲ್ಲ. ಲೆಕ್ಕ ಹಾಕು: ಒಂದು ಕರೆಗೆ 32 ಬೈಟು ಅಂದರೂ 10 ಲಕ್ಷ ಸುತ್ತಿಗೆ 3.2 ಕೋಟಿ ಬೈಟು. ಲಿನಕ್ಸ್‌ನಲ್ಲಿ ಸ್ಟ್ಯಾಕಿಗೆ ಸಾಮಾನ್ಯವಾಗಿ ಸಿಗುವುದು 8 ಎಂಬಿ. ಕಾಲು ಭಾಗ ಓಡುವಷ್ಟರಲ್ಲಿ ಪ್ರೋಗ್ರಾಮ್ ಮಗುಚಿಕೊಳ್ಳುತ್ತದೆ. ಎರಡನೇ ತೊಂದರೆ ಮೆಮೊರಿಯದು. ಲಿಸ್ಪ್‌ನಲ್ಲಿ ಬೇಡವಾದ ವಸ್ತುವನ್ನು ಭಾಷೆಯೇ ಗುಡಿಸಿ ಹಾಕಬೇಕು, ಸಿಗೆ ಆ ಅಭ್ಯಾಸವೇ ಇಲ್ಲ.

ಮೊದಲನೇ ತೊಂದರೆಗೆ ನೀನು ಹಾಕಿರುವ ಉಪಾಯ ನೋಡಿದೆ. ಪ್ರತಿ ಫಂಕ್ಷನ್ನೂ "ಮುಂದೆ ಇದನ್ನು ಕರಿ" ಅಂತ ಒಂದು ವಿಳಾಸ ಹಿಂದಕ್ಕೆ ಕೊಡುತ್ತದೆ, ಮಧ್ಯದಲ್ಲಿ ಕೂತ ಒಂದು ಲೂಪ್ ಅದನ್ನು ಕರೆಯುತ್ತದೆ. ಇದಕ್ಕೆ ಟ್ರ್ಯಾಂಪೊಲೀನ್ ಅನ್ನುತ್ತಾರೆ, ಗ್ಯಾಂಬಿಟ್ ಕೂಡ ಆ ಮನೆತನದ್ದೇ. ಕೆಲಸ ಮಾಡುತ್ತದೆ. ಆದರೆ ಪ್ರತಿ ಹೆಜ್ಜೆಗೂ ಹೋಗಿ ಬಂದು ಮಾಡುವ ಖರ್ಚಿದೆ.

ಚಿಕನ್ ಹಿಡಿದ ದಾರಿ ಹೆನ್ರಿ ಬೇಕರ್ ಎಂಬುವರದು, 1995ರಲ್ಲಿ ಅಚ್ಚಾದ ಒಂದು ಪುಟ್ಟ ಪ್ರಬಂಧದಲ್ಲಿದೆ. ಬಾಸ್ಟನ್ ನಗರದ ರೈಲು ಹತ್ತಿ ಇಳಿಯಲಾಗದೇ ಉಳಿದುಬಿಟ್ಟ ಒಬ್ಬನ ಬಗ್ಗೆ ಅಮೆರಿಕದಲ್ಲಿ ಒಂದು ಹಳೇ ಹಾಡಿದೆ, ಪ್ರಬಂಧದ ಹೆಸರಿನಲ್ಲಿ ಅದರ ಚೇಷ್ಟೆ ಇದೆ. ಯಾಕೆಂದರೆ ಅವರ ಉಪಾಯದಲ್ಲಿ ಯಾವ ಫಂಕ್ಷನ್ನೂ ಹಿಂದಕ್ಕೆ ಬರುವುದೇ ಇಲ್ಲ.

ಹೇಗೆ ಅಂತ ನೋಡು. (* 2 (+ 3 4)) ತಗೋ. ಮಾಮೂಲಿ ಲೆಕ್ಕದಲ್ಲಿ ಕೂಡುವ ಫಂಕ್ಷನ್ 7 ತಂದು ಕೊಡುತ್ತದೆ, ಕರೆದವನು ಅದನ್ನು 2ರಿಂದ ಗುಣಿಸುತ್ತಾನೆ. ಈ ದಾರಿಯಲ್ಲಿ ಕೂಡುವವನಿಗೆ 3, 4ರ ಜೊತೆ ಇನ್ನೊಂದು ವಸ್ತುವನ್ನೂ ಕೊಡುತ್ತೇವೆ: "ಉತ್ತರ ಬಂದ ಮೇಲೆ ಅದನ್ನು 2ರಿಂದ ಗುಣಿಸು, ಬಂದದ್ದನ್ನು ಮುಂದಿನವನಿಗೆ ದಾಟಿಸು" ಎಂಬ ಮುಂದುವರಿಕೆ. ಕೂಡುವವನು 7 ಹಿಡಿದು ಅದನ್ನೇ ಕರೆಯುತ್ತಾನೆ, ಹಿಂತಿರುಗುವುದಿಲ್ಲ. ನಿಜವಾದ ಕಂಪೈಲರ್ ಇಷ್ಟು ಸಣ್ಣ ಕೂಡುವಿಕೆಯನ್ನು ಅಲ್ಲೇ ಮುಗಿಸಿಬಿಡುತ್ತದೆ, ತಿಳಿಯಲಿ ಅಂತ ಹೇಳಿದೆ ಅಷ್ಟೇ. ಇಡೀ ಪ್ರೋಗ್ರಾಮನ್ನು ಹೀಗೆ ತಿರುವಿಹಾಕುವ ವಿದ್ಯೆಯನ್ನು ಸ್ಟೀಲ್ 1978ರಲ್ಲೇ ರ್‍ಯಾಬಿಟ್ ಎಂಬ ಕಂಪೈಲರಿನಲ್ಲಿ ಮಾಡಿ ತೋರಿಸಿದ್ದರು.

ಯಾರೂ ಹಿಂತಿರುಗದಿದ್ದರೆ ಸ್ಟ್ಯಾಕ್ ಬೆಳೆಯುತ್ತಲೇ ಹೋಗುತ್ತದಲ್ಲ ಅನ್ನುತ್ತೀಯ. ಬೆಳೆಯಲಿ ಅಂದರು ಬೇಕರ್. ಹೊಸ ವಸ್ತು, ಜೋಡಿ, ಕ್ಲೋಷರ್, ಏನು ಹುಟ್ಟಿದರೂ ಅದನ್ನೂ ಆ ಸ್ಟ್ಯಾಕಿನ ಮೇಲೇ ಇಡು ಅಂದರು. ಮಾಲಾಕ್ ಇಲ್ಲ, ಏನೂ ಇಲ್ಲ, ಲೋಕಲ್ ವೇರಿಯಬಲ್ ಇಟ್ಟಷ್ಟೇ ಅಗ್ಗ. ಸ್ಟ್ಯಾಕ್ ಮಿತಿ ಮುಟ್ಟುವ ಹೊತ್ತಿಗೆ ನಿಂತು ಕೇಳು: ಈಗ ಕೈಯಲ್ಲಿರುವ ಮುಂದುವರಿಕೆಯಿಂದ ಮತ್ತು ಆರ್ಗ್ಯುಮೆಂಟುಗಳಿಂದ ಮುಟ್ಟಬಹುದಾದ ವಸ್ತುಗಳು ಯಾವುವು? ಅಷ್ಟನ್ನು ಮಾತ್ರ ಹೀಪಿಗೆ ನಕಲು ಮಾಡು. ಉಳಿದ ಸ್ಟ್ಯಾಕ್ ಪೂರ್ತಿ ಕಸ, ಏಕೆಂದರೆ ಅಲ್ಲಿಗೆ ಮರಳುವವರು ಯಾರೂ ಇಲ್ಲ. ಒಂದು ಲಾಂಗ್‌ಜಂಪ್ ಹೊಡೆದು ಬುಡಕ್ಕೆ ಬಂದು, ಬಿಟ್ಟ ಕೆಲಸವನ್ನು ಮುಂದುವರಿಸು. ಬದುಕಿರುವ ವಸ್ತು ಕಡಿಮೆ ಇದ್ದಷ್ಟೂ ಗುಡಿಸುವ ಖರ್ಚು ಕಡಿಮೆ. ಸತ್ತದ್ದನ್ನು ಮುಟ್ಟಿಯೂ ನೋಡುವುದಿಲ್ಲ. ಹೀಪ್ ತುಂಬಿದಾಗ ಅದನ್ನು ಗುಡಿಸುವ ವಿಧಾನ 1970ರಲ್ಲಿ ಸಿ. ಜೆ. ಚೇನಿ ಕೊಟ್ಟದ್ದು: ಬದುಕಿರುವುದನ್ನು ಹೊಸ ಜಾಗಕ್ಕೆ ಸಾಲಾಗಿ ನಕಲು ಮಾಡುತ್ತಾ, ಆ ಸಾಲನ್ನೇ ಕೆಲಸದ ಪಟ್ಟಿಯಾಗಿ ಬಳಸುವುದು. ಬೇರೆ ಸ್ಟ್ಯಾಕೇ ಬೇಕಾಗುವುದಿಲ್ಲ.

ನನ್ನ ಮಾತಿನ ತಿರುಳು ಇಲ್ಲೇ ಇದೆ, ಪುಟ್ಟೀ. ಸಿಯ ಸ್ಟ್ಯಾಕ್ ತುಂಬಿಹೋಗುತ್ತದೆ ಅನ್ನುವುದು ಒಂದು ಕೊರತೆ, ಸಿಗೆ ಕಸ ಗುಡಿಸಲು ಬರುವುದಿಲ್ಲ ಅನ್ನುವುದು ಇನ್ನೊಂದು. ಬೇಕರ್ ಎರಡನ್ನೂ ಬೇರೆ ಬೇರೆ ತಿದ್ದಲು ಹೋಗಲಿಲ್ಲ. ತುಂಬುವ ಆ ಸ್ಟ್ಯಾಕನ್ನೇ ಹೊಸ ವಸ್ತುಗಳ ಜಾಗ ಮಾಡಿಕೊಂಡು, ತುಂಬಿದ ಹೊತ್ತನ್ನೇ ಗುಡಿಸುವ ಹೊತ್ತು ಮಾಡಿಕೊಂಡರು. ಇನ್ನೊಬ್ಬರು ಕಟ್ಟಿದ್ದರ ಮೇಲೆ ನಿಲ್ಲುವುದರಲ್ಲಿ ಸಣ್ಣತನ ಏನೂ ಇಲ್ಲ. ನಿಂತ ಮೇಲೆ ಅದರ ಕೊರತೆಯನ್ನು ದೂರುತ್ತಾ ಕೂರುತ್ತೀಯೋ, ಬಳಸಿಕೊಳ್ಳುತ್ತೀಯೋ, ಅಲ್ಲಿ ಕಾಣುತ್ತದೆ ಕಸುಬುದಾರಿಕೆ.

ಹೋದ ತಿಂಗಳು ನಮ್ಮ ಮನೆಯ ಹಳೇ ಕಂಪ್ಯೂಟರಿನಲ್ಲಿ ಚಿಕನ್ ಹಾಕಿ ನೋಡಿದೆ. ಚಿಕನ್ನಿನ ಕಂಪೈಲರ್ ಬರೆದಿರುವುದು ಸ್ಕೀಮಿನಲ್ಲೇ. ಸ್ಕೀಮ್ ಇಲ್ಲದ ಯಂತ್ರದಲ್ಲಿ ಅದನ್ನು ಕಟ್ಟುವುದು ಹೇಗೆ? ಅವರು ಬಿಡುಗಡೆ ಮಾಡುವ ಕಟ್ಟಿನೊಳಗೇ ಆ ಕಂಪೈಲರನ್ನು ಸಿಗೆ ಇಳಿಸಿಟ್ಟ ಫೈಲುಗಳಿರುತ್ತವೆ. ಬಿಚ್ಚಿ, ಪ್ಲಾಟ್‌ಫಾರ್ಮ್ ಯಾವುದೆಂದು ಹೇಳಿ, ಮೇಕ್ ಕೊಟ್ಟರೆ ಆಯಿತು. ಸಿ ಕಂಪೈಲರ್, ಮೇಕ್ ಇವೆರಡಿದ್ದರೆ ಸಾಕು, ಸ್ಕೀಮ್ ಮೊದಲೇ ಇರಬೇಕಿಲ್ಲ. ಆ ಫೈಲೊಂದನ್ನು ತೆಗೆದು ನೋಡು. ಎಫ್ ಅಕ್ಷರಕ್ಕೆ ನಂಬರು ಅಂಟಿಸಿದ ಹೆಸರುಗಳು ಸಾಲು ಸಾಲು, ಬಹುಪಾಲು ಘೋಷಣೆಗಳ ಕೊನೆಗೆ "ಇದು ಹಿಂತಿರುಗುವುದಿಲ್ಲ" ಎಂದು ಸಿ ಕಂಪೈಲರಿಗೆ ತಿಳಿಸುವ ಒಂದು ಗುರುತು. ಮನುಷ್ಯರು ಓದಲು ಬರೆದದ್ದಲ್ಲ, ಆದರೂ ಒಂದರ್ಧ ಗಂಟೆ ಓದು. ನಾನು ಮೇಲೆ ಹೇಳಿದ್ದೆಲ್ಲ ಅಲ್ಲಿ ಕಣ್ಣಿಗೆ ಕಾಣುತ್ತದೆ.

ಈ ದಾರಿಯಲ್ಲಿ ಕಲ್ಲುಮುಳ್ಳು ಇಲ್ಲ ಅಂದರೆ ನಿನಗೆ ಮೋಸ ಮಾಡಿದ ಹಾಗೆ. ಸ್ಕೀಮಿನಿಂದ ಸಿಗೆ ಇಳಿಯುವುದು ಕ್ಷಣದ ಕೆಲಸ, ಆ ಉದ್ದುದ್ದ ಸಿಯನ್ನು ಜಿಸಿಸಿ ಅರಗಿಸಿಕೊಳ್ಳುವಾಗ ಕಾಯಬೇಕು. ತಪ್ಪಾದಾಗ ಸಿಯ ಡೀಬಗರ್ ಹೆಚ್ಚು ನೆರವಾಗದು. ಹಿಂತಿರುಗುವ ಕರೆಗಳೇ ಇಲ್ಲದ ಮೇಲೆ ಯಾರು ಯಾರನ್ನು ಕರೆದರು ಎಂದು ಸ್ಟ್ಯಾಕ್ ನೋಡಿ ಹೇಳುವುದು ಹೇಗೆ? ಅದಕ್ಕೇ ಚಿಕನ್ ಇತ್ತೀಚಿನ ಕರೆಗಳ ಪಟ್ಟಿಯೊಂದನ್ನು ತಾನೇ ಇಟ್ಟುಕೊಂಡು ಎರರ್ ಬಂದಾಗ ಮುಂದಿಡುತ್ತದೆ. ಅದರ ಥ್ರೆಡ್ಡುಗಳು ಒಂದೇ ಪ್ರೊಸೆಸರಿನಲ್ಲಿ ಸರದಿಯಂತೆ ಓಡುತ್ತವೆ, ನಾಲ್ಕು ಕೋರ್ ಇದ್ದರೂ ನಾಲ್ಕನ್ನೂ ಒಟ್ಟಿಗೆ ದುಡಿಸುವುದಿಲ್ಲ.

ಸಿಯ ಮೇಲೆ ನಿಂತರೆ ಸಿಯ ಗುಣವೂ ಅಂಟುತ್ತದೆ. ಅದನ್ನು ನಮ್ಮ ಅಕ್ಷರದಲ್ಲೇ ತೋರಿಸುತ್ತೇನೆ. "ರಾಮನಗರ" ಎಂಬ ಸ್ಟ್ರಿಂಗಿನ ಉದ್ದ ಎಷ್ಟು ಅಂತ ಚಿಕನ್ನಿನ 5ನೇ ಆವೃತ್ತಿಯನ್ನು ಕೇಳಿದರೆ 18 ಅನ್ನುತ್ತದೆ. ಯುಟಿಎಫ್-8ಕ್ಕೆಂದೇ ಇರುವ ಎಗ್ ಹಾಕಿಕೊಂಡು ಕೇಳಿದರೆ 6. ಕನಕಪುರದ ನಿನ್ನ ಮಕ್ಕಳನ್ನು ಕೇಳಿದರೆ ರಾ, ಮ, ನ, ಗ, ರ ಎಂದು ಬೆರಳು ಮಡಚಿ 5 ಅನ್ನುತ್ತಾರೆ. ಮೂರೂ ಅವರವರ ಲೆಕ್ಕಕ್ಕೆ ಸರಿಯೇ. ಯುನಿಕೋಡಿನಲ್ಲಿ ದೀರ್ಘ ಬೇರೆ ಒಂದು ಸಂಕೇತ, ಹಾಗಾಗಿ 6. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟು, ಹಾಗಾಗಿ 18. ಸಿಗೆ ಸ್ಟ್ರಿಂಗ್ ಅಂದರೆ ಬೈಟುಗಳ ಸಾಲು ಅಷ್ಟೇ, ಅದನ್ನೇ ನೆಚ್ಚಿದ ಭಾಷೆಗೂ ಅದೇ ಕಣ್ಣು ಬರುತ್ತದೆ. ನಿನ್ನ ಭಾಷೆಯಲ್ಲಿ ಆಡುವವರು ಕನ್ನಡದ ಮಕ್ಕಳು. ಉದ್ದ ಅಂದರೆ ಯಾವ ಉದ್ದ ಎಂದು ಈಗಲೇ ತೀರ್ಮಾನ ಮಾಡಿಕೋ, ಆಮೇಲೆ ಬದಲಾಯಿಸಲು ಹೋದರೆ ಮನೆ ಕೆಡವಿ ಕಟ್ಟಿದಷ್ಟು ಕೆಲಸ.

ಇನ್ನು ನಿನ್ನ ಕೋಡಿನ ವಿಷಯ. ಮೂರು ಕಡೆ ಗಮನ ಕೊಡು.

ಅಂಕಿಗಳು: ಚಿಕನ್ ಸಣ್ಣ ಪೂರ್ಣಾಂಕದ ಕೊನೆಯ ಬಿಟ್ಟಿನಲ್ಲಿ 1 ಇಟ್ಟು ಗುರುತು ಮಾಡುತ್ತದೆ, ವಿಳಾಸ ಅಲ್ಲ ಅಂತ ತಿಳಿಯಲು. ನೀನೂ ಹಾಗೇ ಮಾಡಿದ್ದೀಯ, ಒಳ್ಳೆಯದು. ಆದರೆ ಶಾಲೆಯ 32 ಬಿಟ್ಟಿನ ಯಂತ್ರದಲ್ಲಿ ಅಂಕಿಗೆ ಉಳಿಯುವುದು 31 ಬಿಟ್ಟು, ಅಂದರೆ ಸುಮಾರು 107 ಕೋಟಿಯವರೆಗೆ ಮಾತ್ರ. 13ರ ಫ್ಯಾಕ್ಟೋರಿಯಲ್ 622 ಕೋಟಿ ದಾಟುತ್ತದೆ. ನಿನ್ನ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಬಂದ ಉತ್ತರ ಅಲ್ಲಿ ತಪ್ಪಾಗುತ್ತದೆ, ಎರರ್ ಕೂಡ ತೋರಿಸುವುದಿಲ್ಲ. ಮಿತಿ ಮೀರಿದಾಗ ದೊಡ್ಡ ಸಂಖ್ಯೆಗೆ ಜಾರುವ ವ್ಯವಸ್ಥೆ ಮಾಡು, ಆಗದಿದ್ದರೆ ಕನಿಷ್ಠ "ಮೀರಿತು" ಅಂತಲಾದರೂ ಹೇಳಲಿ.

ಬದಲಾವಣೆಗಳು: ಬೇಕರ್ ದಾರಿ ಹಿಡಿಯುತ್ತೀಯಾದರೆ ಎಡವುವುದು ಇಲ್ಲೇ. ಹೀಪಿಗೆ ಹೋದ ಹಳೇ ಜೋಡಿಯೊಳಗೆ ಸ್ಟ್ಯಾಕಿನ ಮೇಲಿರುವ ಹೊಸ ವಸ್ತುವಿನ ವಿಳಾಸ ಬರೆದೆ ಅಂತಿಟ್ಟುಕೋ. ಗುಡಿಸುವ ಹೊತ್ತಿನಲ್ಲಿ ಆ ಹಳೇ ಜೋಡಿಯನ್ನು ಯಾರೂ ನೋಡುವುದಿಲ್ಲ, ಹೊಸ ವಸ್ತು ಕಸಕ್ಕೆ ಹೋಗುತ್ತದೆ, ಜೋಡಿಯೊಳಗೆ ಸುಳ್ಳು ವಿಳಾಸ ಉಳಿಯುತ್ತದೆ. ಚಿಕನ್ ಇಂಥ ಪ್ರತಿ ಬದಲಾವಣೆಯನ್ನೂ ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಂಡು ಗುಡಿಸುವಾಗ ಅದನ್ನೂ ನೋಡುತ್ತದೆ. ಆ ಪಟ್ಟಿ ಇಲ್ಲದಿದ್ದರೆ ನಿನ್ನ ಪ್ರೋಗ್ರಾಮ್ ಇವತ್ತು ಓಡೀತು, ನಾಳೆ ಬೀಳುತ್ತದೆ, ಕಾರಣ ಸಿಗುವುದಿಲ್ಲ.

ಪರೀಕ್ಷೆ: ಗುಡಿಸುವ ಭಾಗ ಸರಿ ಇದೆಯೋ ಇಲ್ಲವೋ ತಿಳಿಯಲು ಸ್ಟ್ಯಾಕಿನ ಮಿತಿಯನ್ನು ಬೇಕೆಂದೇ ತೀರಾ ಚಿಕ್ಕದು ಮಾಡು, ಒಂದಷ್ಟು ಕೆಬಿ ಸಾಕು. ಆಗ ಹೆಜ್ಜೆಹೆಜ್ಜೆಗೂ ಗುಡಿಸಬೇಕಾಗುತ್ತದೆ, ಅಡಗಿ ಕೂತ ತಪ್ಪೆಲ್ಲ ಮೊದಲ ನಿಮಿಷದಲ್ಲೇ ಹೊರಗೆ ಬರುತ್ತದೆ. ಅದಾದ ಮೇಲೆ 10 ಲಕ್ಷ ಸುತ್ತಿನ ಲೂಪ್ ಓಡಿಸು, ಲ್ಯಾಪ್‌ಟಾಪಿನಲ್ಲೂ, ಹಳೇ ಯಂತ್ರದಲ್ಲೂ, ಪೈಯಲ್ಲೂ. ಮೂರು ಕಡೆ ಒಂದೇ ಉತ್ತರ ಬಂದರೆ ನಿನ್ನದು ಏನು ಅಂತ ಹೆಸರಿಡುವ ಚಿಂತೆ ಬೇರೆಯವರಿಗೆ ಬಿಡು.

ಕೆಲಸದ ಮಾತೂ ಒಂದು ಹೇಳಿಬಿಡುತ್ತೇನೆ, ನಿಮ್ಮಪ್ಪನಿಗೆ ಇರುವ ಆತಂಕ ಅದೇ. ಚಿಕನ್ ಬರುತ್ತದೆ ಅಂತ ಕ್ಯಾಂಪಸ್ಸಿಗೆ ಬಂದು ಯಾರೂ ಆಫರ್ ಕೊಡುವುದಿಲ್ಲ. ಜಾವಾ ಕಲಿ, ಪೈಥಾನ್ ಕಲಿ, ಅವರು ಕೇಳಿದ್ದನ್ನೆಲ್ಲ ಕಲಿ. ಆದರೆ ಸ್ಟ್ಯಾಕ್ ಎಂದರೇನು, ವಸ್ತು ಎಲ್ಲಿ ಹುಟ್ಟಿ ಎಲ್ಲಿ ಸಾಯುತ್ತದೆ ಅನ್ನುವುದನ್ನು ಕೈಯಾರೆ ಕಟ್ಟಿ ನೋಡಿದವಳಿಗೆ ಜಾವಾದ ಗಾರ್ಬೇಜ್ ಕಲೆಕ್ಟರ್ ದೆವ್ವದ ಹಾಗೆ ಕಾಣುವುದಿಲ್ಲ. ನಾನು ಮೂವತ್ತು ಚಿಲ್ಲರೆ ವರ್ಷ ಬೆಂಗಳೂರಿಗೆ ರೈಲಿನಲ್ಲಿ ಓಡಾಡಿ ಪ್ರೋಗ್ರಾಮ್ ಬರೆದವನು. ಭಾಷೆಗಳು ಬಂದವು, ಹೋದವು. ಕೊನೆತನಕ ಕೈಹಿಡಿದದ್ದು ಒಳಗೆ ಏನಾಗುತ್ತಿದೆ ಎಂಬ ತಿಳಿವಳಿಕೆ ಒಂದೇ.

ಸದ್ಯಕ್ಕೆ ಟ್ರ್ಯಾಂಪೊಲೀನ್ ಇರುವ ಕೋಡನ್ನು ಹಾಗೇ ಎತ್ತಿಡು, ಅಳಿಸಬೇಡ. ಅದರ ನಕಲಿನ ಮೇಲೆ ಬೇಕರ್ ದಾರಿ ಹಾಕಿ, ಎರಡರ ವೇಗವನ್ನೂ ಅಳೆದು ವರದಿಯಲ್ಲಿ ಪಕ್ಕಪಕ್ಕ ಬರಿ. ಯಾವುದು ಗೆದ್ದರೂ ಹಾಗೇ ಬರಿ, ಮುಚ್ಚಿಡಬೇಡ. ಬದಲಾವಣೆಗಳ ಪಟ್ಟಿಯ ಭಾಗ ಬರೆದಾದ ಮೇಲೆ ನನಗೆ ಕಳಿಸು, ಕನ್ನಡಕ ಒರೆಸಿಕೊಂಡು ಸಾಲು ಸಾಲೂ ನೋಡುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ರಾತ್ರಿ ಎರಡು ಗಂಟೆಗೆ ಸರಿಪಡಿಸಿದ ಪಾಯಿಂಟರ್ ಬೆಳಗ್ಗೆ ಮತ್ತೆ ಕೆಟ್ಟಿರುತ್ತದೆ.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ